ದೂರದ ನೌಕೆಗಳೂ ಸೂರ್ಯಪ್ರಕಾಶವೂ

ಕಳೆದ ವರ್ಷ ನಮ್ಮ ಪಾಠಶಾಲೆಯ ಚರ್ಚಾಸಂಘದಲ್ಲಿ, “ಸೂರ್ಯನಿಂದ ಬಹುದೂರ ಸಂಚರಿಸುವ ವ್ಯೋಮನೌಕೆಗಳಿಗೂ ಸೂರ್ಯಪ್ರಕಾಶವೊಂದೇ ಸಾಕು” ಎಂಬ ವಿಷಯವು ವಾದಕ್ಕೆ ಬಂದಿತ್ತು. ಆ ಸಂಜೆ ಅಧ್ಯಕ್ಷಸ್ಥಾನದಲ್ಲಿ ಕುಳಿತುಕೊಳ್ಳುವ ಭಾರವು ನನ್ನ ಪಾಲಿಗೆ ಬಂದಿತು. ಸಾಕೆಂದವರು ಗೆದ್ದರು, ಹನ್ನೊಂದು ಮತಗಳ ಹೆಚ್ಚಳದಿಂದ ಗೆದ್ದರು. ಸಾಲದೆಂದವರ ಪಕ್ಷಕ್ಕೆ ಮುಖ್ಯಳಾಗಿದ್ದ ಹತ್ತನೆಯ ತರಗತಿಯ ಹುಡುಗಿಯು ಸೆರಗಿನ ಅಂಚಿನಿಂದ ಕಣ್ಣೊರಸಿಕೊಳ್ಳುತ್ತಾ ಹೊರಟುಹೋದದ್ದನ್ನು ನಾನು ಕಂಡೆನು. ಅಧ್ಯಕ್ಷರಾದವರು ಯಾವ ಪಕ್ಷವನ್ನೂ ವಹಿಸಿ ಮಾತಾಡಕೂಡದೆಂಬದು ನಮ್ಮ ಸಂಘದ ಕಟ್ಟಳೆಯಾದದರಿಂದ ನಾನು ಅಂದು ಬಾಯಿ ತೆರೆಯಲಿಲ್ಲ. ಈ ಸ್ಮರಣಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ಸಂಪಾದಕಿಯವರು ಕೇಳಿದಾಗ, ಅಂದು ನುಂಗಿಕೊಂಡ ಮಾತುಗಳನ್ನು ಇಲ್ಲಿ ಹೇಳಿಬಿಡಬಹುದೆಂದು ತೋರಿತು. ಲೇಖನಕ್ಕೆ ಆ ಕಟ್ಟಳೆಯ ಹಂಗಿಲ್ಲವಷ್ಟೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಗುರುಗ್ರಹದ ತನಕ ಸೂರ್ಯನ ಬೆಳಕಿನಿಂದ ನಡೆಯುವ ಕೆಲಸವನ್ನೆಲ್ಲಾ ಸೂರ್ಯನ ಬೆಳಕಿನಿಂದಲೇ ನಡಿಸತಕ್ಕದ್ದು. ಅದಕ್ಕೆ ಕಾರಣವು ಬೇರೆ ಇಂಧನವು ಕೆಟ್ಟದ್ದೆಂಬದಲ್ಲ. ಆ ಇಂಧನವು ಬಹು ವಿರಳವಾದದ್ದು, ಅದು ಸಿಕ್ಕದಿದ್ದರೆ ಕಾಲಿಡಲಾಗದ ಸ್ಥಳಗಳು ಇನ್ನೂ ಬಹಳ ಇವೆ ಎಂಬದು. ಗೆದ್ದ ಪಕ್ಷದವರು ಈ ಎರಡನೆಯ ಮಾತನ್ನು ಎತ್ತಲೇ ಇಲ್ಲ. ಸೋತ ಪಕ್ಷದವರು ಎತ್ತಿದರು, ಆದರೆ ಲೆಕ್ಕವನ್ನು ಮುಂದಿಡಲಿಲ್ಲ.

ಆದಕಾರಣ ಲೆಕ್ಕದಿಂದಲೇ ಪ್ರಾರಂಭಿಸೋಣ. ಕತ್ತಲೆಯ ಕೋಣೆಯಲ್ಲಿ ಒಂದು ದೀಪವನ್ನಿಟ್ಟು, ಅದರಿಂದ ಒಂದು ಮೊಳ ದೂರದಲ್ಲಿ ಒಂದು ಕಾಗದವನ್ನು ಹಿಡಿಯಿರಿ. ಅದೇ ಕಾಗದವನ್ನು ಎರಡು ಮೊಳ ದೂರಕ್ಕೆ ಒಯ್ದರೆ ಅದರ ಮೇಲಣ ಬೆಳಕು ಅರ್ಧವಾಗುವದೆಂದು ಅನೇಕರು ಭಾವಿಸುವರು. ಅರ್ಧವಲ್ಲ, ಕಾಲುಪಾಲಾಗುವದು, ಮೂರು ಮೊಳ ದೂರಕ್ಕೆ ಹೋದರೆ ಒಂಬತ್ತರಲ್ಲಿ ಒಂದು ಪಾಲು ಉಳಿಯುವದು. ಸೂರ್ಯನೂ ಈ ನಿಯಮಕ್ಕೆ ಒಳಪಟ್ಟ ದೀಪವೇ. ಭೂಮಿಯ ಹತ್ತಿರ, ವಾಯುಮಂಡಲದ ಹೊರಗೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರು ಹಲಗೆಯ ಮೇಲೆ ಸುಮಾರು 1361 ವ್ಯಾಟ್ ಶಕ್ತಿಯು ಬೀಳುತ್ತದೆ. ಗುರುಗ್ರಹವು ನಮಗಿಂತ 5.2 ಪಾಲು ದೂರದಲ್ಲಿರುವದರಿಂದ ಅಲ್ಲಿ ಅದೇ ಹಲಗೆಯ ಮೇಲೆ ಬೀಳುವದು ಸುಮಾರು 50 ವ್ಯಾಟ್, ಅಂದರೆ ಇಪ್ಪತ್ತೇಳರಲ್ಲಿ ಒಂದು ಪಾಲು. ಶನಿಯ ಹತ್ತಿರ ಸುಮಾರು 15 ವ್ಯಾಟ್, ಯುರೇನಸ್ಸಿನಲ್ಲಿ ನಾಲ್ಕಕ್ಕೂ ಕಡಿಮೆ, ನೆಪ್ಚೂನಿನಲ್ಲಿ ಒಂದೂವರೆ. ಬಿದ್ದದ್ದೆಲ್ಲಾ ವಿದ್ಯುಚ್ಛಕ್ತಿಯಾಗುವದೂ ಇಲ್ಲ. ಉತ್ತಮವಾದ ಸೌರಕೋಶಗಳೂ ಅದರಲ್ಲಿ ಮೂರರಲ್ಲೊಂದು ಪಾಲಿನಷ್ಟನ್ನು ಮಾತ್ರ ಹಿಡಿದುಕೊಡುತ್ತವೆ.

ಇಲ್ಲಿ ನಮ್ಮ ಕಣ್ಣು ನಮಗೆ ಮೋಸಮಾಡುತ್ತದೆ. ಗುರುಗ್ರಹದ ಹತ್ತಿರದ ಹಗಲು ನಮ್ಮೂರಿನ ಆಷಾಢದ ಮೋಡ ಮುಸುಕಿದ ಹಗಲಿನಷ್ಟು ಬೆಳಕಾಗಿಯೇ ಇರುವದು. ನೆಪ್ಚೂನಿನ ಹತ್ತಿರವೂ ಪುಸ್ತಕವನ್ನು ಓದಬಹುದು. ಕಣ್ಣಿನ ಪಾಪೆಯು ಅಗಲವಾಗಿ ತೆರೆದುಕೊಂಡು ಕೊರತೆಯನ್ನು ಮರೆಸಿಬಿಡುತ್ತದೆ. ಸೌರಕೋಶಕ್ಕೆ ಆ ಉಪಾಯವು ತಿಳಿಯದು. ಎಷ್ಟು ಬಿದ್ದಿತೋ ಅಷ್ಟಕ್ಕೇ ಅದು ಲೆಕ್ಕ ಒಪ್ಪಿಸುವದು. ಚರ್ಚೆಯಲ್ಲಿ ಗೆದ್ದ ಪಕ್ಷದ ಒಬ್ಬಳು, “ಅಲ್ಲಿಯೂ ಸೂರ್ಯನು ಕಾಣಿಸುತ್ತಾನಲ್ಲವೇ?” ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದಳು. ಕಾಣಿಸುತ್ತಾನೆ, ನಿಜ. ಕಾಣಿಸುವದು ಬೇರೆ, ಕೆಲಸ ಮಾಡಿಸುವದು ಬೇರೆ.

ಬಹುಕಾಲದ ತನಕ ಗುರುಗ್ರಹದ ಕಡೆಗೆ ಹೋದ ನೌಕೆಗಳಾವವೂ ಸೂರ್ಯನನ್ನು ನಂಬಿ ಹೋಗಲಿಲ್ಲ. 1972ರಲ್ಲಿ ಹೊರಟ ಪಯೋನಿಯರ್ 10, 1977ರಲ್ಲಿ ಹೊರಟ ಎರಡು ವಾಯೇಜರ್‌ಗಳು, 1989ರಲ್ಲಿ ಹೊರಟ ಗೆಲಿಲಿಯೋ, 1997ರಲ್ಲಿ ಶನಿಗ್ರಹಕ್ಕೆಂದು ಹೊರಟ ಕ್ಯಾಸೀನಿ, ಇವೆಲ್ಲವೂ ಪ್ಲುಟೋನಿಯಂ-238 ಎಂಬ ಧಾತುವನ್ನು ಹೊತ್ತು ಹೋದವು. ಈ ಧಾತುವು ತಾನಾಗಿಯೇ ಒಡೆಯುತ್ತಾ ಕಾವನ್ನು ಕೊಡುತ್ತದೆ. ಎರಡು ಬಗೆಯ ಲೋಹಗಳನ್ನು ಬೆಸೆದು ಒಂದು ತುದಿಯನ್ನು ಕಾವಿನಲ್ಲಿಯೂ ಇನ್ನೊಂದನ್ನು ತಂಪಿನಲ್ಲಿಯೂ ಇಟ್ಟರೆ ಅವುಗಳಲ್ಲಿ ವಿದ್ಯುತ್ತು ಹರಿಯುವದೆಂಬದನ್ನು ನೀವು ಪ್ರಯೋಗಶಾಲೆಯಲ್ಲಿ ನೋಡಿರಬಹುದು. ಆ ತತ್ತ್ವದಿಂದಲೇ ಈ ಯಂತ್ರವು ನಡೆಯುವದು. ತಿರುಗುವ ಚಕ್ರವಿಲ್ಲ, ಉರಿಯುವ ಬೆಂಕಿಯಿಲ್ಲ. ಕಾವು ಅರ್ಧವಾಗಬೇಕಾದರೆ 87 ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುವದು. ವಾಯೇಜರ್‌ಗಳು ಹೊರಟ ನಾಲ್ವತ್ತೈದು ವರ್ಷಗಳ ತರುವಾಯವೂ ನಮ್ಮೊಡನೆ ಮಾತಾಡುತ್ತಿದ್ದದ್ದು ಇದರ ಪುಣ್ಯದಿಂದ.

ಸೌರಕೋಶದ ಚರಿತ್ರೆಯು ಇದಕ್ಕಿಂತ ತುಸು ಹಳೆಯದು. 1954ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನಿನ ಕೋಶವನ್ನು ಮಾಡಿ ತೋರಿಸಿದರು. ಅದು ಬಿದ್ದ ಬೆಳಕಿನ ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿ ಮಾಡಿತು. 1957ರ ಸ್ಪುಟ್ನಿಕ್ ಬ್ಯಾಟರಿಯನ್ನು ನಂಬಿ ಹೋಗಿ ಮೂರು ವಾರಗಳಲ್ಲಿ ಮೂಕವಾಯಿತು. 1958ರ ಮಾರ್ಚಿಯಲ್ಲಿ ಮೇಲೇರಿದ ವ್ಯಾನ್‌ಗಾರ್ಡ್ 1 ಎಂಬ ಕಿತ್ತಳೆಹಣ್ಣಿನಂಥ ಪುಟ್ಟ ಉಪಗ್ರಹವು ಆರು ಸೌರಕೋಶಗಳನ್ನು ಮೈಗೆ ಅಂಟಿಸಿಕೊಂಡು ಹೋಗಿ 1964ರ ತನಕ ಸದ್ದು ಕೇಳಿಸುತ್ತಿತ್ತು. ಭೂಮಿಯ ಸುತ್ತಲಿನ ಸಂಚಾರದಲ್ಲಿ ಸೂರ್ಯನೇ ಸಾಕೆಂಬ ತೀರ್ಪು ಅಂದೇ ಆಯಿತು. ದೂರದ ಮಾತು ಮಾತ್ರ ಹಾಗೆಯೇ ಉಳಿಯಿತು.

ಉಳಿದದ್ದಕ್ಕೆ ಕಾರಣವು ಬೆಳಕಿನ ಕೊರತೆಯೊಂದೇ ಅಲ್ಲ. ನೀರು ತರುವ ಕೊಡದ ತಳದಲ್ಲಿ ಸೂಜಿಮೊನೆಯಷ್ಟು ತೂತಿದೆ ಎಂದುಕೊಳ್ಳಿರಿ. ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿರುವಾಗ ಆ ತೂತನ್ನು ಯಾರು ಲೆಕ್ಕಿಸುವರು? ಬೇಸಿಗೆಯಲ್ಲಿ ನೀರು ಎಳೆಎಳೆಯಾಗಿ ಬರುವಾಗಲೇ ಕೊಡವು ತುಂಬುವದಿಲ್ಲವೆಂಬದು ತಿಳಿಯುವದು. ಸೌರಕೋಶಗಳಲ್ಲಿಯೂ ಹೀಗೆ ವಿದ್ಯುತ್ತು ಒಳಗೊಳಗೇ ಸೋರಿಹೋಗುವ ಸಣ್ಣ ದೋಷಗಳಿರುತ್ತವೆ. ಭೂಮಿಯ ಬಿಸಿಲಿನಲ್ಲಿ ಅವು ತೋರುವದೇ ಇಲ್ಲ; ದೂರದ ಮಂದ ಬೆಳಕಿನಲ್ಲಿ ಅವೇ ಮನೆಯನ್ನು ಮುಳುಗಿಸುತ್ತವೆ. ಶೀತದಿಂದ ಒಂದು ಲಾಭವೂ ಉಂಟು: ತಣ್ಣಗಾದಷ್ಟೂ ಕೋಶದ ಒತ್ತಡವು ಏರುವದು. ಆದರೆ ಅತಿ ಶೀತದಲ್ಲಿ ಕೆಲವು ಕೋಶಗಳು ಮೊಂಡುಬಿದ್ದು ಹೇಳಿದಂತೆ ಕೇಳುವದಿಲ್ಲ. ಆದದರಿಂದ ಅಂಥ ಬೆಳಕಿಗೂ ಅಂಥ ಚಳಿಗೂ ತಕ್ಕ ಕೋಶಗಳನ್ನು ಬೇರೆಯಾಗಿಯೇ ತಯಾರಿಸಿ, ಪರೀಕ್ಷಿಸಿ, ಆರಿಸಿ ತೆಗೆಯಬೇಕಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯ ಕೆಲಸವದು. ಅದನ್ನು ಮಾಡಿದವರ ಹೆಸರುಗಳು ವರ್ತಮಾನಪತ್ರಗಳಲ್ಲಿ ಬರುವದು ಅಪೂರ್ವ.

ಆ ತಾಳ್ಮೆಯ ಫಲವನ್ನು ಮೊದಲು ಹೊತ್ತುಹೋದದ್ದು ಯುರೋಪಿನವರ ರೋಸೆಟ್ಟಾ. 2004ರ ಮಾರ್ಚಿ 2ರಂದು ಹೊರಟ ಈ ನೌಕೆಗೆ ಒಂದೊಂದು 14 ಮೀಟರು ಉದ್ದದ ಎರಡು ರೆಕ್ಕೆಗಳು; ಎರಡರ ಹರವು ಸೇರಿ 64 ಚದರ ಮೀಟರು. ಒಂದು ಧೂಮಕೇತುವನ್ನು ಬೆನ್ನಟ್ಟಿ ಗುರುಗ್ರಹದ ಕಕ್ಷೆಯ ಸಮೀಪದ ತನಕ, ಸುಮಾರು 79 ಕೋಟಿ ಕಿಲೋಮೀಟರು ದೂರಕ್ಕೆ, ಅದು ಹೋಗಬೇಕಾಗಿತ್ತು. ಅಲ್ಲಿ ಸಿಕ್ಕುವ ಶಕ್ತಿಯು 400 ವ್ಯಾಟಿಗೂ ತುಸು ಕಡಿಮೆ. ಅಷ್ಟರಲ್ಲಿ ಯಂತ್ರಗಳನ್ನು ಬೆಚ್ಚಗಿಟ್ಟು ಕೆಲಸವನ್ನೂ ಮಾಡಿಸುವದು ಸಾಧ್ಯವಾಗಲಿಲ್ಲ. ಹೀಗಿರಲಾಗಿ 2011ರ ಜೂನಿನಲ್ಲಿ ನೌಕೆಯನ್ನು ನಿದ್ರೆಗೆ ಕಳುಹಿಸಿದರು. ಗಣಕವೂ ಕಾವುಕೊಡುವ ಕೆಲವು ತಂತಿಗಳೂ ಹೊರತಾಗಿ ಮಿಕ್ಕದ್ದೆಲ್ಲವೂ ಆರಿಹೋಯಿತು. 957 ದಿವಸಗಳ ಕಾಲ ಅದರಿಂದ ಒಂದು ಮಾತೂ ಬರಲಿಲ್ಲ. 2014ರ ಜನವರಿ 20ರಂದು ಎಚ್ಚರಗೊಳ್ಳಬೇಕೆಂದು ಅದಕ್ಕೆ ಮೊದಲೇ ಹೇಳಿಟ್ಟಿದ್ದರು. ಆ ದಿನ ಜರ್ಮನಿಯ ಡಾರ್ಮ್‌ಸ್ಟಾಟಿನಲ್ಲಿ ಯಂತ್ರಜ್ಞರು ಪರದೆಯ ಮೇಲಿನ ಗೆರೆಯನ್ನು ದಿಟ್ಟಿಸುತ್ತಾ ಕುಳಿತಿದ್ದರು. ಸಂಜೆಗೆ ಆ ಗೆರೆಯ ನಡುವೆ ಒಂದು ಮೊಳೆ ಎದ್ದು ನಿಂತಿತು. ನೌಕೆಯು ಎಚ್ಚತ್ತಿತ್ತು. ಸಾಕೆಂಬ ಪಕ್ಷದವರು ಈ ಕಥೆಯನ್ನು ಬಹಳ ಚೆನ್ನಾಗಿ ಹೇಳಿದರು. ಎರಡೂವರೆ ವರ್ಷ ನಿದ್ರೆಮಾಡಬೇಕಾಗಿ ಬಂದ ಕೆಲಸಗಾರನಿಗೆ ಕೂಲಿಯು ಸಾಕಾಗಿತ್ತೆಂದು ಹೇಳುವದು ಹೇಗೆಂದು ಪ್ರತಿಪಕ್ಷದವರು ಕೇಳಬಹುದಾಗಿತ್ತು, ಕೇಳಲಿಲ್ಲ.

ಜೂನೋ ನೌಕೆಯು ಇನ್ನೂ ದೊಡ್ಡ ಸಾಕ್ಷಿ. ಇದು 2011ರ ಆಗಸ್ಟ್ 5ರಂದು ಅಮೇರಿಕದಿಂದ ಹೊರಟು 2016ರ ಜುಲೈಯಲ್ಲಿ ಗುರುಗ್ರಹವನ್ನು ಸೇರಿತು. ಪುರಾತನ ರೋಮಿನವರ ಕಥೆಯಲ್ಲಿ ಜೂಪಿಟರನು ತನ್ನ ತಪ್ಪುಗಳನ್ನು ಮೋಡದ ತೆರೆಯಿಂದ ಮುಚ್ಚಿಕೊಂಡನಂತೆ; ಅವನ ಪತ್ನಿಯಾದ ಜೂನೋ ಆ ಮೋಡವನ್ನು ತೂರಿ ನೋಡಿದಳಂತೆ. ಹೆಸರಿಟ್ಟವರು ರಸಿಕರೇ ಸರಿ. ಈ ನೌಕೆಗೆ ಒಂದೊಂದು ಸುಮಾರು 9 ಮೀಟರು ಉದ್ದದ ಮೂರು ರೆಕ್ಕೆಗಳು, ಅವುಗಳ ಮೇಲೆ 18,698 ಸೌರಕೋಶಗಳು. ಭೂಮಿಯ ಹತ್ತಿರ ಇವು ಸುಮಾರು 14,000 ವ್ಯಾಟ್ ಕೊಡಬಲ್ಲವು. ಗುರುಗ್ರಹದ ಹತ್ತಿರ ಕೊಟ್ಟದ್ದು ಸುಮಾರು 500. ಅಡಿಗೆಮನೆಯಲ್ಲಿ ಚಟ್ನಿ ಅರೆಯುವ ಮಿಕ್ಸಿಗೆ ಬೇಕಾಗುವಷ್ಟು! ಅಷ್ಟರಲ್ಲಿಯೇ ನೌಕೆಯು ತನ್ನ ಮೈಯನ್ನು ಬೆಚ್ಚಗಿಟ್ಟುಕೊಂಡು, ಗುರುವಿನ ಕಾಂತಕ್ಷೇತ್ರವನ್ನೂ ಗುರುತ್ವವನ್ನೂ ಅಳೆದು, ಅದರ ಧ್ರುವಗಳ ಮೇಲಿನ ಬಿರುಗಾಳಿಗಳ ಚಿತ್ರಗಳನ್ನು ತೆಗೆದು, ಕೋಟಿಗಟ್ಟಲೆ ಕಿಲೋಮೀಟರು ದೂರದಿಂದ ನಮಗೆ ಕಳುಹಿಸಿತು. ಮಿತವಾದ ಸಂಬಳದಲ್ಲಿ ಮನೆ ನಡಿಸಿ ಮಕ್ಕಳನ್ನು ಓದಿಸಿದ ತಾಯಂದಿರನ್ನು ಬಲ್ಲ ನಮಗೆ ಈ ಜಾಣತನವು ಅಪರಿಚಿತವಲ್ಲ. ಅದರ ಕೆಲಸದಲ್ಲಿ ಬಹುಪಾಲು ಗ್ರಹದ ಸಮೀಪದಲ್ಲಿ ಹಾದುಹೋಗುವ ಕೆಲವು ತಾಸುಗಳಲ್ಲಿಯೇ ಮುಗಿಯುತ್ತಿತ್ತು. ಮಿಕ್ಕ ಐವತ್ತು ಚಿಲ್ಲರೆ ದಿವಸಗಳ ಸುತ್ತಿನಲ್ಲಿ ಅದು ಕೂಡಿಟ್ಟದ್ದನ್ನು ಕಳುಹಿಸುತ್ತಿತ್ತು.

ಆದರೆ ಈ ಜಾಣತನಕ್ಕೆ ಒಂದು ಬೆಲೆಯುಂಟು, ಅದನ್ನು ಮುಚ್ಚಿಡಬಾರದು. ಸೂರ್ಯನನ್ನು ನಂಬಿದ ನೌಕೆಯು ನೆರಳಿಗೆ ಅಂಜಬೇಕು. ಜೂನೋವಿನ ದಾರಿಯನ್ನು ಆದಿಯಿಂದಲೇ ಗುರುವಿನ ನೆರಳು ತಗಲದಂತೆ ಗೀಚಿದ್ದರು. 2016ರಲ್ಲಿ ಯಂತ್ರದ ಕವಾಟಗಳಲ್ಲಿ ತೊಂದರೆ ಕಂಡುಬಂದ ಕಾರಣ 14 ದಿವಸದ ಸುತ್ತಿಗೆ ಇಳಿಸಬೇಕೆಂದಿದ್ದ ನೌಕೆಯನ್ನು 53 ದಿವಸದ ಸುತ್ತಿನಲ್ಲಿಯೇ ಬಿಡಬೇಕಾಯಿತು. ಇದರಿಂದ ದಾರಿಯು ಕ್ರಮೇಣ ಸರಿಯುತ್ತಾ, 2019ರ ನವೆಂಬರ್ 3ರಂದು ನೌಕೆಯು ಹನ್ನೆರಡು ತಾಸುಗಳ ಕಾಲ ಗುರುವಿನ ನೆರಳಿನಲ್ಲಿ ಮುಳುಗಬೇಕಾಗುವದೆಂದು ತಿಳಿದುಬಂತು. ಹನ್ನೆರಡು ತಾಸು ಬೆಳಕಿಲ್ಲದಿದ್ದರೆ ಅದು ಚಳಿಯಿಂದ ಸೆಟೆದು ಹೋಗಿ ಮತ್ತೆ ಏಳದಿರಬಹುದೆಂದು ಅದನ್ನು ನಡಿಸುವವರು ಹೆದರಿದರು. ಕೊನೆಗೆ ಸೆಪ್ಟೆಂಬರ್ 30ರಂದು, ದೊಡ್ಡ ಯಂತ್ರವನ್ನು ಮುಟ್ಟದೆ, ದಿಕ್ಕನ್ನು ತಿದ್ದುವ ಚಿಕ್ಕ ಕೊಳವೆಗಳನ್ನೇ ಹತ್ತೂವರೆ ತಾಸು ಉರಿಸಿ, ನೌಕೆಯು ನೆರಳನ್ನು ಹಾರಿ ದಾಟುವಂತೆ ಮಾಡಿದರು. ಪ್ಲುಟೋನಿಯಂ ಹೊತ್ತ ಗೆಲಿಲಿಯೋ ಇಂಥ ಚಿಂತೆಯನ್ನೇ ಅರಿಯದು.

ನೆರಳನ್ನು ದಾಟಲಾರದೆ ಹೋದ ಒಂದು ನೌಕೆಯ ಮಾತನ್ನೂ ಹೇಳಬೇಕು. ರೋಸೆಟ್ಟಾದ ಮಡಿಲಲ್ಲಿ ಫಿಲೇ ಎಂಬ ಚಿಕ್ಕ ನೌಕೆಯಿತ್ತು. 2014ರ ನವೆಂಬರ್ 12ರಂದು ಅದು ಚುರ್ಯುಮೋವ್–ಗೆರಾಸಿಮೆಂಕೋ ಎಂಬ ಧೂಮಕೇತುವಿನ ಮೇಲೆ ಇಳಿಯಿತು. ನೆಲಕ್ಕೆ ನಾಟಿಕೊಳ್ಳಬೇಕಾಗಿದ್ದ ಈಟಿಗಳು ಹಾರಲಿಲ್ಲ. ನೌಕೆಯು ಚೆಂಡಿನಂತೆ ಪುಟಿದು, ಎರಡು ತಾಸುಗಳ ತನಕ ತೇಲಾಡಿ, ಒಂದು ಬಂಡೆಯ ಮರೆಯಲ್ಲಿ ಹೋಗಿ ಬಿದ್ದಿತು. ಧೂಮಕೇತುವಿನ ಒಂದು ದಿವಸವು ಹನ್ನೆರಡೂವರೆ ತಾಸಿನಷ್ಟು. ಅದರಲ್ಲಿ ಆರೇಳು ತಾಸು ಬಿಸಿಲು ಸಿಕ್ಕುವದೆಂದು ನಂಬಿದ್ದಲ್ಲಿ ಒಂದೂವರೆ ತಾಸು ಮಾತ್ರ ಸಿಕ್ಕಿತು. ಕಟ್ಟಿಕೊಟ್ಟ ಬುತ್ತಿಯಂತೆ ಬ್ಯಾಟರಿಯೊಂದಿತ್ತು. ಸುಮಾರು ಅರುವತ್ತು ತಾಸುಗಳ ತನಕ ಅದು ನಡೆಯಿತು. ಆ ವೇಳೆಯಲ್ಲಿ ಫಿಲೇ ತನಗೆ ಹೇಳಿದ ಕೆಲಸಗಳಲ್ಲಿ ಬಹಳಷ್ಟನ್ನು ಮಾಡಿ ಮುಗಿಸಿತು. ಕೊನೆಯ ತಾಸುಗಳಲ್ಲಿ ಅದರ ಮೈಯನ್ನು ತುಸು ತಿರುಗಿಸಿ ದೊಡ್ಡ ಹಲಗೆಯನ್ನು ಬಿಸಿಲಿನ ಕಡೆಗೆ ಒಡ್ಡಿದರು. ನವೆಂಬರ್ 15ರಂದು ಮಾತು ನಿಂತಿತು. ಧೂಮಕೇತುವು ಸೂರ್ಯನನ್ನು ಸಮೀಪಿಸಿದ ಮೇಲೆ, 2015ರ ಜೂನ್ 13ರಂದು, ಅದು ಒಮ್ಮೆ ಎಚ್ಚರಗೊಂಡು ಕೆಲವು ಮಾತುಗಳನ್ನಾಡಿತು. ಜುಲೈ 9ರ ಬಳಿಕ ಅದೂ ಇಲ್ಲವಾಯಿತು. 2016ರ ಸೆಪ್ಟೆಂಬರಿನಲ್ಲಿ, ರೋಸೆಟ್ಟಾದ ಕೆಲಸವೇ ಮುಗಿಯುವದಕ್ಕೆ ಒಂದು ತಿಂಗಳಿರುವಾಗ, ಬಂಡೆಯ ಸಂದಿನಲ್ಲಿ ಕಾಲು ಮೇಲಾಗಿ ಒರಗಿದ್ದ ಅದರ ಚಿತ್ರವು ಸಿಕ್ಕಿತು. ಸೋತ ಪಕ್ಷದ ಹುಡುಗಿಯು ಫಿಲೇಯ ಹೆಸರನ್ನು ಹೇಳುವಾಗ ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ನಗುವಂಥದ್ದೇನೂ ಇದರಲ್ಲಿ ನನಗೆ ಕಾಣಲಿಲ್ಲ.

ದೂರವೇ ಇರಬೇಕೆಂಬದೂ ಇಲ್ಲ. ಕತ್ತಲೆಯು ಹತ್ತಿರದಲ್ಲಿಯೂ ಕೊಲ್ಲುತ್ತದೆ. ಮಂಗಳಗ್ರಹದಲ್ಲಿ ಆಪರ್ಚುನಿಟಿ ಎಂಬ ಬಂಡಿಯು ತೊಂಬತ್ತು ದಿವಸ ನಡೆದರೆ ಸಾಕೆಂದು ಹೋಗಿ, 2004ರಿಂದ ಹದಿನಾಲ್ಕು ವರ್ಷ ನಡೆಯಿತು. 2018ರ ಜೂನಿನಲ್ಲಿ ಧೂಳಿನ ಬಿರುಗಾಳಿಯೆದ್ದು ಸೂರ್ಯನನ್ನು ಮುಚ್ಚಿದಾಗ ಅದು ಮಾತು ಬಿಟ್ಟಿತು. ಅದೇ ಗ್ರಹದ ಮೇಲೆ ಅದೇ ಬಿರುಗಾಳಿಯಲ್ಲಿ ಪ್ಲುಟೋನಿಯಂ ಹೊತ್ತ ಕ್ಯೂರಿಯಾಸಿಟಿಯು ತನ್ನ ಕೆಲಸವನ್ನು ಮಾಡುತ್ತಲೇ ಇತ್ತು. ನಮ್ಮ ಬೆಂಗಳೂರಿನಿಂದ ನಡಿಸುತ್ತಿದ್ದ ಮಂಗಳಯಾನವೂ 2014ರಿಂದ ಎಂಟು ವರ್ಷ ಬಾಳಿ, 2022ರ ಏಪ್ರಿಲಿನ ದೀರ್ಘವಾದ ಗ್ರಹಣದ ಬಳಿಕ ಸಂಪರ್ಕವನ್ನು ಕಳಕೊಂಡಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ವಿಕ್ರಮವು ಹದಿನಾಲ್ಕು ದಿವಸದ ಹಗಲನ್ನು ಚೆನ್ನಾಗಿ ದುಡಿದು, ಚಂದ್ರನ ರಾತ್ರಿಯ ಚಳಿಯಲ್ಲಿ ಮಲಗಿದ್ದು ಏಳಲಿಲ್ಲ. ಇವುಗಳ ಸಾಧನೆಯನ್ನು ನಾನು ಕಿರಿದುಮಾಡುವದಿಲ್ಲ. ನಮ್ಮ ಹುಡುಗಿಯರು ಅಂದು ರೇಡಿಯೋದ ಸುತ್ತ ಕೂಡಿ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಿಸಿಲನ್ನು ಮಾತ್ರ ನಂಬಿದವರಿಗೆ ಇರುಳು ಬಂದಾಗ ಏನಾಗುವದೆಂಬದನ್ನು ತೋರಿಸುವದಕ್ಕೆ ಹೇಳಿದೆನು.

ಹಾಗಾದರೆ ಎಲ್ಲಾ ನೌಕೆಗಳಿಗೂ ಪ್ಲುಟೋನಿಯಂ ಕೊಟ್ಟುಬಿಡಬಾರದೇ? ಕೊಡಬಾರದೆಂಬವರು ಮೊದಲು ಭಯದ ಕಾರಣವನ್ನು ಹೇಳುತ್ತಾರೆ. ಆ ಭಯವು ಸುಳ್ಳಲ್ಲ. 1964ರಲ್ಲಿ ಅಮೇರಿಕದ ಒಂದು ಉಪಗ್ರಹವು ಕಕ್ಷೆಯನ್ನು ಸೇರಲಾರದೆ ಹಿಂದಕ್ಕೆ ಬಿದ್ದು ಉರಿದಾಗ, ಅದರಲ್ಲಿದ್ದ ಸುಮಾರು ಒಂದು ಕಿಲೋಗ್ರಾಂ ಪ್ಲುಟೋನಿಯಂ ಆಕಾಶದಲ್ಲೆಲ್ಲಾ ಹರಡಿಹೋಯಿತು. ಅದರ ಕಿರಣವನ್ನು ಒಂದು ಕಾಗದದ ಹಾಳೆಯೂ ತಡೆಯಬಲ್ಲದು. ಆದರೆ ಅದರ ಧೂಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಬಹಳ ಕೇಡು. ಆ ಪ್ರಸಂಗದ ತರುವಾಯ ಇಂಧನವು ಬಿದ್ದರೂ ಚೆದರದಂತೆ ಗಟ್ಟಿಯಾದ ಕರಂಡಗಳಲ್ಲಿ ಇಡುವ ಕ್ರಮವು ಬಂತು. 1968ರಲ್ಲಿ ಇನ್ನೊಂದು ಉಪಗ್ರಹವು ಸಮುದ್ರಕ್ಕೆ ಬಿದ್ದಾಗ ಕರಂಡವು ಕೆಡದೆ ಸಿಕ್ಕಿತು, ಅದರ ಇಂಧನವನ್ನು ಮರುವರ್ಷ ಮತ್ತೊಂದು ಉಪಗ್ರಹಕ್ಕೆ ಕೊಟ್ಟರು. 1970ರಲ್ಲಿ ಅಪೋಲೋ 13ರ ಜೊತೆಗೆ ಹೋಗಿದ್ದ ಕರಂಡವು ಶಾಂತಸಾಗರದ ಆಳಕ್ಕೆ ಮುಳುಗಿತು. ಸೋರಿಕೆಯ ಗುರುತೇನೂ ಕಂಡುಬರಲಿಲ್ಲ. ಆದದರಿಂದ ಭಯವೊಂದರಿಂದಲೇ ಈ ಇಂಧನವನ್ನು ತಳ್ಳಿಹಾಕುವದು ನನಗೆ ನ್ಯಾಯವಾಗಿ ತೋರುವದಿಲ್ಲ. ಎಚ್ಚರಿಕೆಯು ಬೇಕು.

ನಿಜವಾದ ತೊಡಕು ಬೇರೆ. ಈ ಧಾತುವು ಗಣಿಯಲ್ಲಿ ಸಿಕ್ಕುವದಿಲ್ಲ; ಅಣುಯಂತ್ರದಲ್ಲಿ ಬಹು ಶ್ರಮದಿಂದ ತಯಾರಿಸಬೇಕು. ಅಮೇರಿಕದವರು 1988ರಲ್ಲಿ ತಯಾರಿಸುವದನ್ನು ನಿಲ್ಲಿಸಿ, ಮುಂದೆ ಕೆಲವು ಕಾಲ ರಷ್ಯದಿಂದ ಕೊಂಡುಕೊಂಡರು. ಕಣಜವು ಬರಿದಾಗುತ್ತಾ ಬಂದ ಮೇಲೆ ಎಚ್ಚತ್ತು, 2015ರಲ್ಲಿ ಓಕ್ ರಿಡ್ಜಿನ ಪ್ರಯೋಗಶಾಲೆಯಲ್ಲಿ ಮತ್ತೆ ತಯಾರಿಸಿದ್ದು ಮೊದಲ ಸಲಕ್ಕೆ 50 ಗ್ರಾಂ. ಮಂಗಳಗ್ರಹದ ಕ್ಯೂರಿಯಾಸಿಟಿಯಂಥ ಒಂದು ಬಂಡಿಗೆ ಬೇಕಾಗುವದು 4.8 ಕಿಲೋಗ್ರಾಂ ಇಂಧನ, ಅದು ಕೊಡುವದು ಆದಿಯಲ್ಲಿ 110 ವ್ಯಾಟ್. ಕ್ಯಾಸೀನಿಯು ಸುಮಾರು 33 ಕಿಲೋಗ್ರಾಂ ಹೊತ್ತಿತ್ತು. ಕಣಜವನ್ನು ಮುಚ್ಚಿದ ಆ ಇಪ್ಪತ್ತೇಳು ವರ್ಷಗಳ ಅಲಕ್ಷ್ಯವೇ ದೊಡ್ಡ ತಪ್ಪೆಂದು ನಾನು ಹೇಳುವೆನು. ಬೀಜದ ಭತ್ತವನ್ನೂ ಉಂಡು ಮುಗಿಸಿ, ಮಳೆ ಬಂದ ಮೇಲೆ ನೆರೆಮನೆಗೆ ಮೊರ ಹಿಡಿದುಕೊಂಡು ಹೋಗುವ ಒಕ್ಕಲಿನಂತೆ ಆಯಿತು.

ಈಗ ಗುಂಟೆಯ ಲೆಕ್ಕಕ್ಕೆ ಬರೋಣ, ಯಾಕಂದರೆ ಚದರ ಮೀಟರಿಗಿಂತ ಗುಂಟೆಯೇ ನಮ್ಮ ಮನಸ್ಸಿಗೆ ಹತ್ತುವದು. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರು. ಜೂನೋವಿನ ರೆಕ್ಕೆಗಳೆಲ್ಲಾ ಸೇರಿ ಅರ್ಧ ಗುಂಟೆಗೆ ತುಸು ಹೆಚ್ಚು. ಆ 500 ವ್ಯಾಟನ್ನೇ ಶನಿಯ ಹತ್ತಿರ ಪಡೆಯಬೇಕಾದರೆ ಎರಡು ಗುಂಟೆಯಷ್ಟು ರೆಕ್ಕೆ ಬೇಕು. ಯುರೇನಸ್ಸಿನಲ್ಲಿ ಎಂಟು ಗುಂಟೆ. ನೆಪ್ಚೂನಿನಲ್ಲಿ ಇಪ್ಪತ್ತು ಗುಂಟೆ, ಅಂದರೆ ಅರ್ಧ ಎಕರೆ! ಇದನ್ನು ಮಡಿಸಿ ರಾಕೆಟ್ಟಿನ ತಲೆಯಲ್ಲಿ ತುರುಕಿ, ಅಲ್ಲಿಗೆ ಹೋದ ಮೇಲೆ ಹರಿಯದಂತೆ ಬಿಡಿಸಬೇಕು. ಅಷ್ಟು ದೊಡ್ಡದಲ್ಲದ ರೆಕ್ಕೆಯೇ ತೊಂದರೆ ಕೊಟ್ಟದ್ದುಂಟು. 2021ರ ಅಕ್ಟೋಬರಿನಲ್ಲಿ ಹೊರಟ ಲೂಸಿ ಎಂಬ ನೌಕೆಯ ಎರಡು ರೆಕ್ಕೆಗಳು ಬೀಸಣಿಗೆಯಂತೆ ದುಂಡಗೆ ಬಿಚ್ಚಿಕೊಳ್ಳುವಂಥವು, ಒಂದೊಂದು ಏಳು ಮೀಟರಿಗಿಂತ ಅಗಲ. ಎಳೆಯುವ ದಾರವೊಂದು ಸಡಿಲಾದ ಕಾರಣ ಒಂದು ಬೀಸಣಿಗೆಯು ಪೂರ್ತಿಯಾಗಿ ಬಿಚ್ಚಿ ಕೊಂಡಿ ಸಿಕ್ಕಲಿಲ್ಲ. 2022ರಲ್ಲಿ ತಿಂಗಳುಗಟ್ಟಲೆ ಎಳೆದೆಳೆದು 360 ಡಿಗ್ರಿಯಲ್ಲಿ 353ನ್ನು ದಾಟಿಸಿದರು. ಅಷ್ಟಕ್ಕೆ ತೃಪ್ತಿಪಟ್ಟು ನೌಕೆಯನ್ನು ಮುಂದಕ್ಕೆ ಬಿಟ್ಟರು. ಏಳು ಮೀಟರಿಗೆ ಈ ಪಾಡಾದರೆ ಎಂಟು ಗುಂಟೆಗೆ ಏನು ಗತಿ?

ಶನಿಯ ಉಪಗ್ರಹವಾದ ಟೈಟನ್ನಿಗೆ ಡ್ರ್ಯಾಗನ್‌ಫ್ಲೈ ಎಂಬ ಹಾರುವ ಯಂತ್ರವನ್ನು ಕಳುಹಿಸುವ ಏರ್ಪಾಡು ನಡೆದಿದೆ. ಅಲ್ಲಿ ದೂರದ ಜೊತೆಗೆ ದಟ್ಟವಾದ ಮಬ್ಬೂ ಮುಸುಕಿಕೊಂಡಿರುವದರಿಂದ ಅದಕ್ಕೆ ಪ್ಲುಟೋನಿಯಮ್ಮನ್ನೇ ಗೊತ್ತುಮಾಡಿದ್ದಾರೆ. ಯುರೇನಸ್ಸಿನ ವಿಷಯವು ಇನ್ನೂ ಹೆಚ್ಚಿನದು. ಆ ಗ್ರಹದ ಸಮೀಪಕ್ಕೆ ಮನುಷ್ಯರ ಕೈಕೆಲಸವು ಹೋದದ್ದು ಒಂದೇ ಸಲ, 1986ರ ಜನವರಿಯಲ್ಲಿ. ವಾಯೇಜರ್ 2 ನಿಲ್ಲದೆ ಹಾದುಹೋಯಿತು. ಅದನ್ನು ಸುತ್ತುತ್ತಾ ನಿಂತು ನೋಡುವ ನೌಕೆಯೊಂದನ್ನು ಕಳುಹಿಸುವದೇ ಮುಂದಿನ ದೊಡ್ಡ ಕೆಲಸಗಳಲ್ಲಿ ಮೊದಲನೆಯದಾಗಬೇಕೆಂದು ಅಮೇರಿಕದ ವಿದ್ವಾಂಸರ ಮಂಡಲಿಯು 2022ರಲ್ಲಿ ಸಲಹೆ ಕೊಟ್ಟಿತು. ಆ ನೌಕೆಗೆ ಸೂರ್ಯನು ಸಾಲನು. ಇದರಲ್ಲಿ ಎರಡು ಅಭಿಪ್ರಾಯಗಳಿಗೆ ಎಡೆಯಿಲ್ಲ.

ಈ ಕಾರಣದಿಂದಲೇ ಗುರುಗ್ರಹಕ್ಕೆ ಹೋಗುವವರು ಸೂರ್ಯನನ್ನು ನಂಬಿ ಹೋಗುತ್ತಿರುವದು ನನಗೆ ಸಂತೋಷ. 2023ರ ಏಪ್ರಿಲ್ 14ರಂದು ಹೊರಟ ಯುರೋಪಿನವರ ಜ್ಯೂಸ್ ನೌಕೆಗೆ 85 ಚದರ ಮೀಟರಿನ ರೆಕ್ಕೆಗಳಿವೆ. 2024ರ ಅಕ್ಟೋಬರ್ 14ರಂದು ಹೊರಟ ಅಮೇರಿಕದ ಯುರೋಪಾ ಕ್ಲಿಪ್ಪರಿಗೆ ಸುಮಾರು ಒಂದು ಗುಂಟೆಯಷ್ಟು. ಎರಡನೆಯದು 2030ರಲ್ಲಿಯೂ ಮೊದಲನೆಯದು 2031ರಲ್ಲಿಯೂ ಗುರುವನ್ನು ಮುಟ್ಟಬೇಕೆಂದು ಲೆಕ್ಕ. ಗುರುವಿನ ಸುತ್ತಲೂ ಇರುವ ತೀಕ್ಷ್ಣವಾದ ಕಣಗಳ ಹೊಡೆತದಿಂದ ಕೋಶಗಳು ವರ್ಷವರ್ಷಕ್ಕೂ ಸವೆಯುತ್ತವೆ, ಅವುಗಳ ಮೇಲೆ ಗಾಜಿನ ಹೊದಿಕೆ ಬೇಕು, ಗ್ರಹಣಗಳಿಗೆ ಬ್ಯಾಟರಿ ಬೇಕು. ಇಷ್ಟೆಲ್ಲಾ ಕಷ್ಟವಿದ್ದರೂ ಆ ಭಾರವನ್ನು ಹೊರುವದು ನ್ಯಾಯವೇ. ಈ ಎರಡು ನೌಕೆಗಳು ಮುಟ್ಟದೆ ಬಿಟ್ಟ ಇಂಧನವು ಬಿಸಿಲೇ ಸಾಲದ ಕಡೆಗೆ ಹೋಗುವ ನೌಕೆಗಳ ಪಾಲಿಗೆ ಉಳಿಯುವದು. ಆದರೆ ಸೌರಫಲಕವು ಚೆನ್ನಾಗಿ ಕೆಲಸಮಾಡಿತೆಂಬದನ್ನೇ ನೆವಮಾಡಿ ಪ್ಲುಟೋನಿಯಂ ತಯಾರಿಕೆಯ ಹಣವನ್ನು ಕಡಿಮೆಮಾಡುವವರೂ ಹುಟ್ಟಿಕೊಳ್ಳುವರೆಂಬ ಅಂಜಿಕೆ ನನಗುಂಟು. 1988ರಲ್ಲಿ ಒಮ್ಮೆ ಕಣಜ ಮುಚ್ಚಿದವರು ಇನ್ನೊಮ್ಮೆ ಮುಚ್ಚಲಾರರೇ?

ನಮ್ಮ ಸಂಘದ ಹನ್ನೊಂದು ಮತಗಳಿಂದ ಯಾವ ದೇಶದ ಬೊಕ್ಕಸವೂ ತೆರೆಯುವದಿಲ್ಲ, ಮುಚ್ಚುವದೂ ಇಲ್ಲ, ಬಲ್ಲೆನು. ಅಂದು ಕಣ್ಣೊರಸಿಕೊಂಡು ಹೋದ ಹುಡುಗಿಯು ಈಗ ಪಟ್ಟಣದ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿದ್ದಾಳೆ. ದಸರಾ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಈ ಗುಂಟೆಯ ಲೆಕ್ಕವನ್ನು ಅವಳಿಗೆ ತೋರಿಸಿದೆನು, “ಟೀಚರ್, ಇದನ್ನು ಅಂದೇ ಹೇಳಬಾರದಾಗಿತ್ತೇ?” ಎಂದು ಕೇಳಿದಳು. ಬರುವ ತಿಂಗಳು “ಯುರೇನಸ್ಸಿನ ನೌಕೆಗೆ ಇಂಧನವನ್ನು ಈಗಲೇ ಕೂಡಿಡತಕ್ಕದ್ದು” ಎಂಬ ವಿಷಯವನ್ನು ಸಂಘದವರು ಚರ್ಚೆಗೆ ಇಟ್ಟಿದ್ದಾರೆ. ಈ ಸಲ ಅಧ್ಯಕ್ಷಸ್ಥಾನಕ್ಕೆ ಬೇರೆ ಯಾರನ್ನಾದರೂ ಗೊತ್ತುಮಾಡಬೇಕೆಂದು ಕಾರ್ಯದರ್ಶಿಯವರಿಗೆ ಚೀಟಿ ಬರೆದು ಕಳುಹಿಸಿದ್ದೇನೆ.